ಕೀಲುಗೊಂಬೆಗಳ ಶಿಲ್ಪಿ ವೋಕಾನ್ಸನ್

ಅರೇಬಿಯನ್ ನೈಟ್ಸ್ ಕಥೆಗಳಲ್ಲಿ ಬರುವ ಕೀಲುಕುದುರೆಯನ್ನು ನಮ್ಮಲ್ಲಿ ಅನೇಕರು ಬಾಲ್ಯದಲ್ಲಿಯೇ ಬಲ್ಲರು. ಒಂದು ಕೀಲನ್ನು ತಿರುಗಿಸಿದರೆ ಕುದುರೆ ಆಕಾಶಕ್ಕೇರುವುದು. ಇನ್ನೊಂದನ್ನು ತಿರುಗಿಸಿದರೆ ಇಳಿಯುವುದು. ಆ ಕಥೆಯ ರಾಜಕುಮಾರನು ಕಷ್ಟಕ್ಕೆ ಸಿಕ್ಕಿದ್ದು ಕುದುರೆಯ ದೋಷದಿಂದಲ್ಲ. ಇಳಿಯುವ ಕೀಲು ಯಾವುದೆಂಬುದನ್ನು ಅವನಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಯಂತ್ರವನ್ನು ಕಟ್ಟುವುದು ಒಂದು ವಿದ್ಯೆ. ಅದು ಮನುಷ್ಯನೊಡನೆ ಹೊಂದಿಕೊಂಡು ನಡೆಯುವಂತೆ ಮಾಡುವುದು ಮತ್ತೊಂದು ವಿದ್ಯೆ ಎಂಬುದನ್ನು ಕಥೆ ಕಟ್ಟಿದವರೂ ಬಲ್ಲವರಾಗಿದ್ದರು.

ಹಿಂದಿನವರು ಕೀಲುಗೊಂಬೆ ಎಂದು ಕರೆದುದನ್ನು ಇಂದು ನಾವು ರೋಬಾಟ್ ಎನ್ನುತ್ತೇವೆ. ಚೆಕ್ ಲೇಖಕನಾದ ಕಾರೆಲ್ ಚಾಪೆಕನು 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಈ ಶಬ್ದವು ಲೋಕಕ್ಕೆಲ್ಲ ಹಬ್ಬಿತು. ಕಾರ್ಖಾನೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ವೃದ್ಧರ ಆಶ್ರಮಗಳಲ್ಲಿಯೂ ರೋಬಾಟುಗಳು ಕಾಲಿಟ್ಟಿರುವುದರಿಂದ, ಮನುಷ್ಯನಿಗೂ ಅವುಗಳಿಗೂ ಇರುವ ಒಡನಾಟವನ್ನು ಅಭ್ಯಾಸ ಮಾಡುವ ಒಂದು ಶಾಸ್ತ್ರವೇ ಬೆಳೆದಿದೆ. 2006ರಿಂದೀಚೆಗೆ ಆ ವಿಷಯಕ್ಕೆಂದೇ ಅಂತರರಾಷ್ಟ್ರೀಯ ವಿದ್ವತ್ಸಭೆಗಳು ನಡೆಯುತ್ತ ಬಂದಿವೆ. ವಿನ್ಯಾಸ ಸಂಶೋಧನೆ ಎಂಬುದು ಈ ಶಾಸ್ತ್ರದ ಒಂದು ಮುಖ್ಯ ಅಂಗ. ಯಂತ್ರವನ್ನು ರಚಿಸುವ ಮೊದಲೂ ರಚಿಸುವಾಗಲೂ ಅದರೊಡನೆ ಬಾಳಬೇಕಾದ ಜನರ ಬಳಿಗೆ ಹೋಗುವುದು, ಅವರ ಕೆಲಸವನ್ನು ಕಣ್ಣಾರೆ ನೋಡುವುದು, ಅವರ ಅಭಿಪ್ರಾಯವನ್ನು ಕೇಳುವುದು, ಮಾದರಿಯೊಂದನ್ನು ಮಾಡಿ ಅವರ ಮುಂದಿಟ್ಟು ಪರೀಕ್ಷಿಸುವುದು, ಕಂಡುಬಂದ ತಪ್ಪನ್ನು ತಿದ್ದಿ ಮತ್ತೆ ಮಾಡುವುದು, ಇಷ್ಟೂ ಆ ಸಂಶೋಧನೆಯಲ್ಲಿ ಅಡಕವಾಗಿದೆ.

ಈ ಶಾಸ್ತ್ರಕ್ಕೆ ಹೆಸರು ಹುಟ್ಟುವುದಕ್ಕೆ ಇನ್ನೂರೈವತ್ತು ವರ್ಷಗಳಿಗಿಂತ ಹಿಂದೆಯೇ ಫ್ರಾನ್ಸ್ ದೇಶದಲ್ಲಿ ಒಬ್ಬ ಯಂತ್ರಶಿಲ್ಪಿ ಇದ್ದನು. ಅವನ ಗೆಲವಿನಲ್ಲಿಯೂ ಸೋಲಿನಲ್ಲಿಯೂ ಈ ಶಾಸ್ತ್ರದ ಮೂಲಪಾಠವೆಲ್ಲ ಕಾಣುತ್ತದೆ. ಆತನೇ ಜಾಕ್ ದ ವೋಕಾನ್ಸನ್.

ವೋಕಾನ್ಸನನು 1709ನೆಯ ಇಸವಿ ಫೆಬ್ರುವರಿ 24ರಂದು ಗ್ರನೋಬಲ್ ನಗರದಲ್ಲಿ ಹುಟ್ಟಿದನು. ತಂದೆ ಚರ್ಮದ ಕೈಗವಸುಗಳನ್ನು ಹೊಲಿಯುವ ಕುಶಲಕರ್ಮಿ. ಮಕ್ಕಳು ಬಹಳ, ಸಂಪತ್ತು ಕಡಮೆ. ಹುಡುಗನು ಚಿಕ್ಕವನಾಗಿರುವಾಗಲೇ ತಂದೆ ತೀರಿಕೊಂಡನು. ತಾಯಿ ಮಹಾ ದೈವಭಕ್ತೆ. ಆಕೆ ಗುರುಗಳ ದರ್ಶನಕ್ಕೆಂದು ಹೋದಾಗಲೆಲ್ಲ ಮಗನನ್ನೂ ಕರೆದೊಯ್ಯುತ್ತಿದ್ದಳಂತೆ. ದೊಡ್ಡವರ ಮಾತು ಮುಗಿಯುವವರೆಗೆ ಹುಡುಗನು ಪಕ್ಕದ ಕೋಣೆಯ ಗಡಿಯಾರವನ್ನು ಗೋಡೆಯ ಬಿರುಕಿನಿಂದ ನೋಡುತ್ತ ನಿಲ್ಲುತ್ತಿದ್ದನೆಂದೂ, ವಾರವಾರವೂ ನೋಡಿ ಅದರ ಮರ್ಮವನ್ನು ಊಹಿಸಿಕೊಂಡು ಕಡೆಗೆ ಮರದಲ್ಲಿಯೇ ಒಂದು ಗಡಿಯಾರವನ್ನು ಮಾಡಿದನೆಂದೂ ಅವನ ಚರಿತ್ರಕಾರರು ಹೇಳುತ್ತಾರೆ. ಕಥೆಯಲ್ಲಿ ಸ್ವಲ್ಪ ಉಪ್ಪುಕಾರ ಸೇರಿದ್ದರೂ ಸೇರಿರಬಹುದು. ಆದರೆ ತಾಳ್ಮೆಯಿಂದ ನೋಡುವ ಗುಣ ಅವನಿಗೆ ಹುಟ್ಟಿನಿಂದಲೇ ಬಂದಿತ್ತೆಂಬುದನ್ನು ಅವನ ಮುಂದಿನ ಕೆಲಸವೇ ಹೇಳುತ್ತದೆ.

ಪ್ರಾಯಕ್ಕೆ ಬಂದಾಗ ಅವನು ಲಿಯಾನ್ ನಗರದಲ್ಲಿ ಮಿನಿಮ್ ಎಂಬ ಸಂನ್ಯಾಸಿಗಳ ಮಠವನ್ನು ಸೇರಿದನು. ಅಲ್ಲಿಯೂ ಅವನ ಕೈ ಸುಮ್ಮನಿರಲಿಲ್ಲ. ಆ ಪಂಥದ ಹಿರಿಯ ಗುರುವೊಬ್ಬರು ಮಠಕ್ಕೆ ಬರುವರೆಂದು ತಿಳಿದು, ಊಟವನ್ನು ಬಡಿಸಿ ತಟ್ಟೆಗಳನ್ನು ತೆಗೆಯುವ ಕೀಲುಗೊಂಬೆಗಳನ್ನು ಮಾಡಿ ಅವರ ಮುಂದೆ ನಡೆಯಿಸಿದನಂತೆ. ಅತಿಥಿ ಸಂತೋಷಪಡುವರೆಂದು ತರುಣನು ಎಣಿಸಿದ್ದನು. ಆದರೆ ಆ ಗುರುವಿಗೆ ಅದು ಧರ್ಮಕ್ಕೆ ಹೊರಗಾದ ಕೆಲಸವೆಂದು ತೋರಿತು. ಕಾರ್ಯಶಾಲೆಯನ್ನು ಕಿತ್ತುಹಾಕುವಂತೆ ಅಪ್ಪಣೆಯಾಯಿತು. ಗೊಂಬೆಗಳು ಬಡಿಸುವ ಕೆಲಸದಲ್ಲಿ ತಪ್ಪಲಿಲ್ಲ. ಊಟಕ್ಕೆ ಕುಳಿತವನು ಯಾರು, ಅವನ ಮನಸ್ಸು ಎಂಥದು, ಗೊಂಬೆಯ ಕೈಯಿಂದ ಅನ್ನ ಬಂದರೆ ಅವನಿಗೆ ಏನೆನ್ನಿಸುವುದು ಎಂಬುದನ್ನು ಮಾತ್ರ ಶಿಲ್ಪಿ ಯೋಚಿಸಿರಲಿಲ್ಲ. ಇದು ಅವನ ಬಾಳಿನ ಮೊದಲನೆಯ ಪೆಟ್ಟು.

ಮಠವನ್ನು ಬಿಟ್ಟು ವೋಕಾನ್ಸನನು ಪ್ಯಾರಿಸಿಗೆ ಹೋದನು. ಅಲ್ಲಿ ಶರೀರರಚನಾಶಾಸ್ತ್ರದ ಕಡೆ ಅವನ ಮನಸ್ಸು ತಿರುಗಿತು. ಜೀವಿಯ ಒಳಗಿನ ಕ್ರಿಯೆಗಳನ್ನು ಯಂತ್ರದಲ್ಲಿ ನಡೆಯಿಸಿ ತೋರಿಸಬೇಕು, ಚಲಿಸುವ ಶರೀರಶಾಸ್ತ್ರವೊಂದನ್ನು ಕಟ್ಟಬೇಕು ಎಂಬುದು ಅವನ ಹಿರಿಯ ಆಸೆ. ರಾಜೋದ್ಯಾನದಲ್ಲಿದ್ದ, ಕೊಳಲೂದುವ ಗೊಲ್ಲನ ಶಿಲಾವಿಗ್ರಹವೊಂದು ಅವನ ಕಣ್ಣನ್ನು ಸೆಳೆಯಿತು. ಇದು ನಿಜವಾಗಿ ಊದುವಂತಾದರೆ ಹೇಗೆ ಎಂಬ ಯೋಚನೆಯೇ ಅವನ ಕೀರ್ತಿಗೆ ಕಾರಣವಾದ ಕೊಳಲುಗಾರನ ಬೀಜ.

ಈ ಕೊಳಲುಗಾರನನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸಂಗೀತ ನುಡಿಸುವ ಗೊಂಬೆಗಳು ಅದಕ್ಕೆ ಮೊದಲೂ ಇದ್ದುವು. ಆದರೆ ಅವುಗಳಲ್ಲಿ ನಾದವು ಹೊಟ್ಟೆಯೊಳಗೆ ಅಡಗಿಸಿಟ್ಟ ಪೆಟ್ಟಿಗೆಯಿಂದ ಹೊರಡುತ್ತಿತ್ತು. ಗೊಂಬೆಯ ಕೈಬಾಯಿಗಳು ಬರಿಯ ಅಭಿನಯ ಮಾಡುತ್ತಿದ್ದುವು. ವೋಕಾನ್ಸನನ ಗೊಂಬೆ ಹಾಗಲ್ಲ. ಆಳೆತ್ತರದ ಆ ಗೊಂಬೆಯ ಬಾಯಿಂದ ನಿಜವಾದ ಉಸಿರು ಹೊರಟು ನಿಜವಾದ ಕೊಳಲಿನಲ್ಲಿ ಸೇರಿ, ಬೆರಳುಗಳು ರಂಧ್ರಗಳನ್ನು ಮುಚ್ಚಿ ತೆರೆದಂತೆ ಸ್ವರಗಳು ಹುಟ್ಟುತ್ತಿದ್ದುವು. ಇದನ್ನು ಸಾಧಿಸುವುದಕ್ಕೆ ಅವನು ಮೊದಲು ಕೊಳಲೂದುವ ಮನುಷ್ಯನನ್ನು ಅಭ್ಯಾಸ ಮಾಡಬೇಕಾಯಿತು. ಮೇಲಿನ ಸ್ವರಕ್ಕೆ ತುಟಿ ಎಷ್ಟು ಕಿರಿದಾಗುವುದು, ಕೆಳಗಿನ ಸ್ವರಕ್ಕೆ ಎಷ್ಟು ಹಿಂದೆ ಸರಿಯುವುದು, ನಾಲಗೆ ಯಾವಾಗ ಉಸಿರನ್ನು ತಡೆಯುವುದು, ಎದೆ ಎಷ್ಟು ಒತ್ತಡ ಕೊಡುವುದು, ಇದೆಲ್ಲವನ್ನೂ ಅವನು ಗಮನಿಸಿದನು. ಅದರಂತೆ ಒಂಬತ್ತು ತಿದಿಗಳನ್ನು ಇಟ್ಟು, ಅವುಗಳ ಮೇಲೆ ಬೇರೆ ಬೇರೆ ತೂಕಗಳನ್ನು ಹೇರಿ, ಮೂರು ಬಗೆಯ ಒತ್ತಡದ ಗಾಳಿಯನ್ನು ಮೂರು ಕೊಳವೆಗಳಲ್ಲಿ ತಂದನು. ತುಟಿಗಳು ಮುಂದಕ್ಕೆ, ಹಿಂದಕ್ಕೆ ಸರಿಯುವಂತೆಯೂ, ತೆರೆಯುವಂತೆ, ಮುಚ್ಚುವಂತೆಯೂ ಮಾಡಿದನು. ನಾಲಗೆಯ ಸ್ಥಾನದಲ್ಲಿ ಒಂದು ಪುಟ್ಟ ಲೋಹದ ಕದವನ್ನಿಟ್ಟನು.

ಬೆರಳುಗಳ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಗಟ್ಟಿಯಾದ ಬೆರಳು ರಂಧ್ರವನ್ನು ಗಾಳಿಯಾಡದಂತೆ ಮುಚ್ಚಲಾರದು. ಮನುಷ್ಯನ ಬೆರಳತುದಿ ಮೆತ್ತಗಿರುವುದರಿಂದಲೇ ಸ್ವರ ಶುದ್ಧವಾಗಿ ಬರುವುದು. ಇದನ್ನು ಕಂಡು ವೋಕಾನ್ಸನನು ಬೆರಳತುದಿಗಳಿಗೆ ಚರ್ಮವನ್ನು ಹೊದಿಸಿದನು. ಕೈಗವಸು ಹೊಲಿಯುವವನ ಮಗನಿಗೆ ಮನೆಯ ಕಸುಬು ಇಲ್ಲಿ ಉಪಕಾರಕ್ಕೆ ಬಂದಿತೆಂದು ನಾವು ಭಾವಿಸಿದರೆ ತಪ್ಪಾಗಲಾರದು.

1738ರ ಫೆಬ್ರುವರಿಯಲ್ಲಿ ಪ್ಯಾರಿಸಿನ ಮಹಲೊಂದರಲ್ಲಿ ಈ ಗೊಂಬೆ ಜನರ ಮುಂದೆ ಬಂದಿತು. ಪ್ರವೇಶಕ್ಕೆ ಮೂರು ಲೀವ್ರ್ ನಾಣ್ಯ. ಬಡ ಕೂಲಿಗಾರನಿಗೆ ಅದು ಹಲವು ದಿನಗಳ ದುಡಿಮೆ. ಆದರೂ ಜನ ಕಿಕ್ಕಿರಿದು ಬಂದರು. ಒಳಗೆ ಸಂಗೀತದ ಪೆಟ್ಟಿಗೆಯನ್ನು ಅಡಗಿಸಿದ್ದಾನೆಂದು ಹಲವರು ಸಂಶಯಪಟ್ಟರು. ವೋಕಾನ್ಸನನು ಕೋಪಗೊಳ್ಳಲಿಲ್ಲ. ಗೊಂಬೆಯ ಒಳಗನ್ನು ತೆರೆದು ತೋರಿಸಿದನು. ಅದೇ ವರ್ಷ ವಿಜ್ಞಾನ ಅಕಾಡೆಮಿಯ ಮುಂದೆ ಅದರ ರಚನೆಯನ್ನೆಲ್ಲ ವಿವರಿಸುವ ಪ್ರಬಂಧವನ್ನೂ ಒಪ್ಪಿಸಿದನು. ವಿದ್ವಾಂಸರು ಪರೀಕ್ಷಿಸಿ ಮೆಚ್ಚಿದರು. ತಾನು ಕಟ್ಟಿದ ಯಂತ್ರವನ್ನು ಜನ ನಂಬಬೇಕಾದರೆ ಅದು ಹೇಗೆ ನಡೆಯುವುದೆಂಬುದು ಅವರಿಗೆ ತಿಳಿಯಬೇಕೆಂಬ ವಿವೇಕ ಆಗ ಅವನಲ್ಲಿತ್ತು.

ಅನಂತರ ಎರಡು ಹೊಸ ಗೊಂಬೆಗಳು ಬಂದುವು. ಒಂದು, ಒಂದು ಕೈಯಲ್ಲಿ ಮೂರು ರಂಧ್ರದ ಪೀಪಿಯನ್ನು ಊದುತ್ತ ಇನ್ನೊಂದು ಕೈಯಲ್ಲಿ ತಮಟೆ ಬಾರಿಸುವ ವಾದ್ಯಗಾರ. ರಂಧ್ರಗಳು ಮೂರೇ ಆದುದರಿಂದ ಕೆಲಸ ಸುಲಭವೆಂದು ಶಿಲ್ಪಿ ತಿಳಿದಿದ್ದನು. ಆದರೆ ಅದೇ ಕಡು ಕಷ್ಟವಾಯಿತು. ರಂಧ್ರಗಳು ಕಡಮೆಯಾದಷ್ಟೂ ಸ್ವರಭೇದವೆಲ್ಲ ಉಸಿರಿನ ಮೇಲೆ ಬೀಳುವುದಷ್ಟೆ. ಒಂದು ಸ್ವರಕ್ಕೆ ಬೇಕಾದ ಉಸಿರಿನ ಬಲವು ಅದಕ್ಕೆ ಹಿಂದೆ ಯಾವ ಸ್ವರ ಬಂದಿತ್ತೆಂಬುದನ್ನೂ ಅವಲಂಬಿಸುವುದೆಂದು ಅವನು ಕಂಡುಕೊಂಡನು. ನಿತ್ಯವೂ ಊದುವವರು ಅರಿಯದೆಯೇ ಮಾಡುತ್ತಿದ್ದ ಈ ಕೆಲಸವನ್ನು ಯಂತ್ರವು ಬೆಳಕಿಗೆ ತಂದಿತು. ಮನುಷ್ಯನನ್ನು ನೋಡಿ ಯಂತ್ರ ಮಾಡುವುದು ಒಂದಾದರೆ, ಯಂತ್ರ ಮಾಡಹೋಗಿ ಮನುಷ್ಯನನ್ನು ಹೆಚ್ಚಾಗಿ ಅರಿಯುವುದು ಇನ್ನೊಂದು. ಇಂದಿನ ವಿನ್ಯಾಸ ಸಂಶೋಧಕರು ಮಾದರಿಗಳನ್ನು ಮಾಡಿ ಮಾಡಿ ಕೆಡಿಸುವುದರಲ್ಲಿ ಈ ಎರಡನೆಯ ಲಾಭವೂ ಅಡಗಿದೆ.

ಇನ್ನೊಂದು ಗೊಂಬೆಯೇ ಜಗತ್ಪ್ರಸಿದ್ಧವಾದ ಬಾತುಕೋಳಿ. ಚಿನ್ನದ ಮುಲಾಮು ಬಳಿದ ತಾಮ್ರದ ಈ ಹಕ್ಕಿ ರೆಕ್ಕೆ ಬಡಿಯುತ್ತಿತ್ತು, ನೀರು ಕುಡಿಯುತ್ತಿತ್ತು, ಕಾಳು ತಿನ್ನುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಹಿಕ್ಕೆಯನ್ನೂ ಹಾಕುತ್ತಿತ್ತು. ತಿಂದ ಕಾಳು ಒಳಗೆ ಕರಗಿ ಜೀರ್ಣವಾಗುವುದೆಂದು ವೋಕಾನ್ಸನನು ಪ್ರಚಾರ ಮಾಡಿದನು. ಅದು ನಿಜವಾಗಿರಲಿಲ್ಲ. ಕಾಳು ಒಂದು ಕಡೆ ನಿಲ್ಲುತ್ತಿತ್ತು. ಮೊದಲೇ ತುಂಬಿಟ್ಟ ಹಿಕ್ಕೆ ಇನ್ನೊಂದು ಕಡೆಯಿಂದ ಬೀಳುತ್ತಿತ್ತು. ಈ ಮೋಸ ಬಯಲಾದುದು ಬಹುಕಾಲದ ಮೇಲೆ. ಕೊಳಲುಗಾರನ ಹೊಟ್ಟೆಯನ್ನು ಲೋಕದ ಮುಂದೆ ತೆರೆದಿಟ್ಟವನೇ ಹಕ್ಕಿಯ ಹೊಟ್ಟೆಯ ವಿಷಯದಲ್ಲಿ ಸತ್ಯವನ್ನು ಮರೆಮಾಡಿದನು.

ಇಲ್ಲಿ ಇಂದಿನ ಒಂದು ವಿಧಾನವನ್ನು ನೆನೆಯಬಹುದು. ರೋಬಾಟು ಇನ್ನೂ ಪೂರ್ಣವಾಗಿ ಸಿದ್ಧವಾಗದಿರುವಾಗ ಸಂಶೋಧಕನೊಬ್ಬನು ಮರೆಯಲ್ಲಿ ಕುಳಿತು ಅದನ್ನು ನಡೆಸುವುದುಂಟು. ಎದುರಿಗಿರುವವರು ಯಂತ್ರವೇ ತಾನಾಗಿ ನಡೆಯುತ್ತಿದೆಯೆಂದು ತಿಳಿದು ಅದರೊಡನೆ ಮಾತನಾಡುವರು. ಅವರು ಎಲ್ಲಿ ತಡವರಿಸಿದರು, ಎಲ್ಲಿ ಹೆದರಿದರು ಎಂಬುದನ್ನು ಆತನು ಬರೆದುಕೊಳ್ಳುವನು. ತೆರೆಯ ಹಿಂದೆ ಅಡಗಿದ್ದ ಕಥೆಯ ಮಾಂತ್ರಿಕನೊಬ್ಬನ ನೆನಪಿಗೆ ಇದನ್ನು ಆಜ್ ನಾಡಿನ ಮಾಂತ್ರಿಕನ ವಿಧಾನವೆಂದು ಕರೆಯುತ್ತಾರೆ. ಇದರಲ್ಲಿಯೂ ಮರೆಯಿದೆ. ಆದರೆ ಪ್ರಯೋಗ ಮುಗಿದ ಮೇಲೆ ಭಾಗವಹಿಸಿದವರಿಗೆ ನಿಜವನ್ನು ತಿಳಿಸಬೇಕೆಂಬ ನೀತಿಯೂ ಅದರೊಡನೆ ಇದೆ. ಬಾತುಕೋಳಿಯನ್ನು ನೋಡಲು ಹಣ ತೆತ್ತವರಿಗೆ ಆ ಭಾಗ್ಯವಿರಲಿಲ್ಲ.

ಗೊಂಬೆಗಳ ಕೀರ್ತಿ ರಾಜಸಭೆಯನ್ನು ಮುಟ್ಟಿತು. 1741ರಲ್ಲಿ ಫ್ರಾನ್ಸಿನ ಸರಕಾರವು ವೋಕಾನ್ಸನನನ್ನು ರೇಷ್ಮೆ ಕೈಗಾರಿಕೆಯ ತನಿಖಾಧಿಕಾರಿಯನ್ನಾಗಿ ನೇಮಿಸಿತು. ಇಟಲಿಯ ಪೀಡ್‌ಮಾಂಟ್ ಸೀಮೆಯ ರೇಷ್ಮೆನೂಲು ಫ್ರಾನ್ಸಿನದಕ್ಕಿಂತ ಉತ್ತಮವಾಗಿದ್ದುದೇ ಸರಕಾರದ ಚಿಂತೆ. ವೋಕಾನ್ಸನನು ಗೊಂಬೆಗಳನ್ನು ಮಾರಿಬಿಟ್ಟು ಹೊಸ ಕೆಲಸಕ್ಕೆ ಮನಸ್ಸು ಕೊಟ್ಟನು. ಊರೂರು ಸುತ್ತಿ ನೂಲು ತೆಗೆಯುವ ಯಂತ್ರಗಳನ್ನು ನೋಡಿದನು.

ಲಿಯಾನ್ ಆಗ ಫ್ರಾನ್ಸಿನ ರೇಷ್ಮೆಯ ರಾಜಧಾನಿ. ಅಲ್ಲಿ ಎರಡು ವರ್ಗದವರಿದ್ದರು. ನೂಲನ್ನು ಒದಗಿಸಿ ಬಟ್ಟೆಯನ್ನು ಮಾರುವ ದೊಡ್ಡ ವರ್ತಕರು ಒಂದು ಕಡೆ; ತಮ್ಮ ಮನೆಯಲ್ಲಿಯೇ ಮಗ್ಗವಿಟ್ಟು ನೇಯುವ ಸಣ್ಣ ಯಜಮಾನರು ಇನ್ನೊಂದು ಕಡೆ. ಸಣ್ಣವರು ತಾವು ನೇಯ್ದುದನ್ನು ತಾವೇ ಮಾರಬಹುದೇ ಎಂಬುದು ಬಹುಕಾಲದ ಜಗಳ. 1744ರಲ್ಲಿ ಹೊರಟ ಹೊಸ ನಿಯಮಾವಳಿಯನ್ನು ಸಿದ್ಧಪಡಿಸುವುದರಲ್ಲಿ ವೋಕಾನ್ಸನನ ಕೈ ಮುಖ್ಯವಾಗಿತ್ತು. ಅದು ದೊಡ್ಡ ವರ್ತಕರ ಪಕ್ಷವಾಗಿ, ಸಣ್ಣ ನೇಕಾರನ ಸ್ವಾತಂತ್ರ್ಯಕ್ಕೆ ಅಡ್ಡವಾಗಿ ಬಂದಿತು. ಆಗಸ್ಟ್ ತಿಂಗಳಲ್ಲಿ ನೇಕಾರರು ಮಗ್ಗಗಳನ್ನು ನಿಲ್ಲಿಸಿ ಬೀದಿಗಿಳಿದರು. ವೋಕಾನ್ಸನನ ಮೇಲೆ ಕಲ್ಲುಗಳು ಬಿದ್ದುವು. ತಾನು ಹಿಂದೆ ಬಿಟ್ಟುಬಂದಿದ್ದ ಸಂನ್ಯಾಸಿಯ ವೇಷವನ್ನೇ ತೊಟ್ಟು ಅವನು ರಾತ್ರಿಯಲ್ಲಿ ಊರುಬಿಟ್ಟು ಓಡಿದನೆಂದು ಹೇಳುತ್ತಾರೆ. ಸರಕಾರವು ಆ ಹೊತ್ತಿಗೆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತಾದರೂ ಮುಂದೆ ದಂಡನ್ನು ಕಳುಹಿಸಿ ನೇಕಾರರನ್ನು ಅಡಗಿಸಿತು.

ಈ ದಂಗೆಯನ್ನು ಯಂತ್ರದ ಮೇಲಿನ ದ್ವೇಷವೆಂದು ಕೆಲವರು ಬರೆದಿದ್ದಾರೆ. ಅದು ಸರಿಯಲ್ಲ. ಅವನ ಸ್ವಯಂಚಾಲಿತ ಮಗ್ಗ ಆಗಿನ್ನೂ ಸಿದ್ಧವಾಗಿರಲಿಲ್ಲ. ನೇಕಾರರು ಎದ್ದುದು ತಮ್ಮನ್ನು ಕೇಳದೆ ತಮ್ಮ ಬಾಳಿಗೆ ಹಾಕಿದ ಕಟ್ಟಿನ ವಿರುದ್ಧವಾಗಿ. ಕೊಳಲೂದುವವನ ತುಟಿಯನ್ನೂ ಉಸಿರನ್ನೂ ಅಷ್ಟು ಆದರದಿಂದ ನೋಡಿದ ಮನುಷ್ಯನು ನೇಕಾರನ ಮನೆಯಲ್ಲಿ ಮಗ್ಗವನ್ನು ನೋಡಿದನೇ ಹೊರತು ನೇಕಾರನನ್ನು ನೋಡಲಿಲ್ಲ.

ಪೆಟ್ಟು ತಿಂದವನು ಪಾಠ ಕಲಿತನೆ? ಕಲಿತನೆಂದು ಹೇಳುವುದು ಕಷ್ಟ. 1745ರಲ್ಲಿ ಅವನು ಚಿತ್ರದ ಬಟ್ಟೆಯನ್ನು ತಾನಾಗಿ ನೇಯುವ ಮಗ್ಗವನ್ನು ಸಿದ್ಧಪಡಿಸಿದನು. ಹಿಂದಿನ ಮಗ್ಗಗಳಲ್ಲಿ ಹೂಬಳ್ಳಿಗಳನ್ನು ನೇಯಬೇಕಾದರೆ ನೇಕಾರನಲ್ಲದೆ, ಹಾಸಿನ ಎಳೆಗಳನ್ನು ಲೆಕ್ಕಕ್ಕೆ ಸರಿಯಾಗಿ ಎತ್ತುವ ಹಗ್ಗಗಳನ್ನು ಎಳೆಯಲು ಇನ್ನೊಬ್ಬ ಆಳು ಬೇಕಾಗಿತ್ತು. ಅನೇಕ ವೇಳೆ ಅದು ಚಿಕ್ಕ ಮಕ್ಕಳ ಪಾಲಿನ ದುಡಿಮೆ. ರಂಧ್ರ ಮಾಡಿದ ಕಾಗದದಿಂದ ಈ ಎಳೆಗಳನ್ನು ಆರಿಸುವ ಉಪಾಯವನ್ನು ಬಾಸಿಲ್ ಬುಶನ್ ಎಂಬವನು 1725ರಲ್ಲಿಯೂ, ರಟ್ಟಿನ ತುಂಡುಗಳ ಸರವನ್ನು ಫಾಲ್ಕನ್ ಎಂಬವನು ಅದರ ಹಿಂದೆಯೇ ಕಂಡುಹಿಡಿದಿದ್ದರು. ವೋಕಾನ್ಸನನು ರಂಧ್ರಗಳ ಉರುಳೆಯನ್ನು ಮಗ್ಗದ ನೆತ್ತಿಯ ಮೇಲೆ ಕೂರಿಸಿ ಹಗ್ಗ ಎಳೆಯುವ ಆಳೇ ಬೇಡವಾಗುವಂತೆ ಮಾಡಿದನು. ಇದೊಂದು ಮಹತ್ತಾದ ಹೆಜ್ಜೆ. ಆದರೆ ಕತ್ತೆಯೊಂದನ್ನು ಕಟ್ಟಿ ತಿರುಗಿಸಿದರೂ ಒಳ್ಳೆಯ ನೇಕಾರನಿಗಿಂತ ಮೇಲಾದ ಬಟ್ಟೆ ಹೊರಡುವುದೆಂದು ತೋರಿಸುವ ಹಟವೂ ಅದರಲ್ಲಿ ಸೇರಿಕೊಂಡಿತ್ತು. ಒಡನೆ ಕೆಲಸಮಾಡಬೇಕಾದವರನ್ನು ಹೀಯಾಳಿಸುವ ಯಂತ್ರಕ್ಕೆ ಯಾರ ಮನೆಯ ಬಾಗಿಲು ತೆರೆದೀತು? ಅದರ ಉರುಳೆ ಚಿಕ್ಕದಾದುದರಿಂದ ದೊಡ್ಡ ಚಿತ್ರಗಳನ್ನು ನೇಯುವಂತಿರಲಿಲ್ಲ, ರಚನೆಯೂ ತೊಡಕಾಗಿತ್ತು. ಮಗ್ಗ ಬಳಕೆಗೆ ಬರಲಿಲ್ಲ.

ಇಷ್ಟರಿಂದ ಅವನ ಬಾಳು ವ್ಯರ್ಥವಾಯಿತೆಂದು ತಿಳಿಯಬಾರದು. 1746ರಲ್ಲಿ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ಲೋಹವನ್ನು ಕಡೆಯುವ ಕಬ್ಬಿಣದ ಲೇತ್ ಒಂದನ್ನು ಅವನು ನಿರ್ಮಿಸಿದನು. ಒಂದೇ ಅಳತೆಯ ಕೊಂಡಿಗಳ ಸರಪಣಿ ಮಾಡುವ ಯಂತ್ರವನ್ನೂ ನಿರ್ಮಿಸಿದನು. ದಕ್ಷಿಣ ಫ್ರಾನ್ಸಿನ ಓಬನಾ ಎಂಬಲ್ಲಿ ಅವನ ಯೋಜನೆಯಂತೆ ಎದ್ದ ರೇಷ್ಮೆ ಕಾರ್ಖಾನೆಯಲ್ಲಿ ಯಂತ್ರಗಳ ಜೊತೆಗೆ ಕಟ್ಟಡದ ಬೆಳಕು, ಗಾಳಿ, ತೇವ ಇವುಗಳ ಕಡೆಗೂ ಗಮನ ಹರಿಯಿತು. ಆ ಗಮನ ಮೊದಲು ನೂಲಿನ ಹಿತಕ್ಕಾಗಿಯೇ ಇದ್ದಿರಬಹುದು. ಆದರೂ ಯಂತ್ರವೆಂಬುದು ಕೆಲಸ ನಡೆಯುವ ಮನೆಯ ಒಂದು ಭಾಗ ಮಾತ್ರವೆಂಬ ಅರಿವು ಅದರಲ್ಲಿ ಕಾಣುತ್ತದೆ. ಮನುಷ್ಯದೇಹದಲ್ಲಿ ರಕ್ತ ಹರಿಯುವ ಬಗೆಯನ್ನು ರಬ್ಬರಿನ ನಾಳಗಳಿಂದ ತೋರಿಸಬೇಕೆಂಬ ಅವನ ಕನಸು ಮಾತ್ರ ಕೈಗೂಡಲಿಲ್ಲ.

1782ರ ನವೆಂಬರ್ 21ರಂದು ವೋಕಾನ್ಸನನು ಪ್ಯಾರಿಸಿನಲ್ಲಿ ಕಾಲವಾದನು. ತನ್ನ ಯಂತ್ರಗಳ ಸಂಗ್ರಹವನ್ನು ಅವನು ದೊರೆಗೆ ಬಿಟ್ಟುಹೋಗಿದ್ದನು. ಮಹಾಕ್ರಾಂತಿಯ ಕಾಲದಲ್ಲಿ, 1794ರಲ್ಲಿ ಸ್ಥಾಪಿತವಾದ ಕಲೆ ಮತ್ತು ಕಸುಬುಗಳ ಸಂಗ್ರಹಾಲಯಕ್ಕೆ ಅವು ಸೇರಿದುವು. ಗೊಂಬೆಗಳ ಗತಿ ಬೇರೆ. ಕೈಯಿಂದ ಕೈಗೆ ಮಾರಾಟವಾಗಿ ಅವು ಜರ್ಮನಿಯನ್ನು ಸೇರಿದುವು. 1805ರಲ್ಲಿ ಮಹಾಕವಿ ಗಯಟೆ ಅವುಗಳನ್ನು ನೋಡಿದಾಗ ಕೊಳಲುಗಾರನ ದನಿ ನಿಂತುಹೋಗಿತ್ತು. ಬಾತುಕೋಳಿಯ ಗರಿಗಳು ಉದುರಿಹೋಗಿದ್ದುವು. ಇಂದು ಆ ಮೂರರಲ್ಲಿ ಒಂದೂ ಉಳಿದಿಲ್ಲ.

ಉಳಿದುದು ಯಾರೂ ಬಳಸದೆ ಬಿಟ್ಟ ಆ ಮಗ್ಗ. ಲಿಯಾನಿನ ನೇಕಾರನ ಮಗನಾದ ಜೋಸೆಫ್ ಮಾರಿ ಜಕಾರ್ಡನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸಂಗ್ರಹಾಲಯದಲ್ಲಿ ಅದನ್ನು ಕಂಡು ಅಭ್ಯಾಸ ಮಾಡಿದನು. ವೋಕಾನ್ಸನನ ಉರುಳೆಯ ಸ್ಥಾನವನ್ನೂ ಫಾಲ್ಕನನ ರಟ್ಟಿನ ಸರವನ್ನೂ ಕೂಡಿಸಿ 1804ರ ಸುಮಾರಿಗೆ ತನ್ನ ಯಂತ್ರವನ್ನು ಮುಗಿಸಿದನು. ಸರ ಎಷ್ಟು ಉದ್ದವಾದರೂ ಆಗಬಹುದಾದುದರಿಂದ ಚಿತ್ರಕ್ಕೆ ಮಿತಿಯಿಲ್ಲದಾಯಿತು. ಬಾಲ್ಯದಿಂದ ಮಗ್ಗದ ಮನೆಯಲ್ಲಿ ಬೆಳೆದ ಅವನಿಗೆ ನೇಕಾರನ ತೊಂದರೆ ಕೇಳಿ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಅವನನ್ನೂ ಲಿಯಾನಿನವರು ಮೊದಮೊದಲು ವಿರೋಧಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಅಂಥ ಸಾವಿರಾರು ಮಗ್ಗಗಳು ನಡೆದುವು. ನಮ್ಮ ದೊಡ್ಡಬಳ್ಳಾಪುರದಂಥ ಊರುಗಳ ರೇಷ್ಮೆ ಮಗ್ಗಗಳ ಮೇಲೂ ಜಕಾರ್ಡ್ ಎಂಬ ಹೆಸರಿನಲ್ಲಿ ಅದೇ ವಿದ್ಯೆ ಬಂದು ನೆಲಸಿದೆ. ಸೀರೆಯ ಸೆರಗಿನ ಹೂವನ್ನು ನೋಡುವವರಿಗೆ ಅದರ ಹಿಂದೆ ಕಲ್ಲೇಟು ತಿಂದು ಓಡಿದ ಶಿಲ್ಪಿಯೊಬ್ಬನಿದ್ದಾನೆಂದು ತೋರುವುದಿಲ್ಲ.

ಇಂದಿನ ರೋಬಾಟು ತಯಾರಕರಲ್ಲಿ ಈ ಪಾಠವನ್ನು ಕಲಿತವರು ಉಂಟು. ಜಪಾನಿನಲ್ಲಿ ಪಾರೋ ಎಂಬ ಯಂತ್ರಪ್ರಾಣಿಯನ್ನು ಮರೆವಿನ ಬೇನೆಯಿರುವ ವೃದ್ಧರ ಸಮಾಧಾನಕ್ಕಾಗಿ ರಚಿಸಿದರು. ಬೆಕ್ಕಿನ ಆಕಾರದ ಮಾದರಿಯನ್ನೂ ಮಾಡಿ ನೋಡಿದ್ದರು. ನಿಜವಾದ ಬೆಕ್ಕನ್ನು ಬಲ್ಲ ಜನ ಅದಕ್ಕೂ ಇದಕ್ಕೂ ಹೋಲಿಸಿ ಕುಂದುಗಳನ್ನು ಎಣಿಸತೊಡಗಿದರು. ಆಗ ಜನರಿಗೆ ಹೆಚ್ಚು ಪರಿಚಯವಿಲ್ಲದ ಸೀಲ್ ಎಂಬ ಕಡಲಪ್ರಾಣಿಯ ಮರಿಯ ರೂಪವನ್ನು ಆರಿಸಿಕೊಂಡರು; ವೃದ್ಧರು ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. ಲೋಹವೂ ವಿದ್ಯುತ್ತೂ ಹೇಳಲಾರದ ಈ ಸಂಗತಿಯನ್ನು ತಿಳಿಸಿದವರು ಅದನ್ನು ಬಳಸಿದ ಜನ.

ನಾವು ಕಲಾಶಾಲೆಯ ವಿದ್ಯಾರ್ಥಿಗಳು. ಯಂತ್ರಗಳ ವಿಷಯ ಇಂಜಿನಿಯರಿಂಗ್ ಕಾಲೇಜಿನವರದು, ನಮಗೇಕೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ವೋಕಾನ್ಸನನ ಚರಿತ್ರೆಯನ್ನು ಓದಿದ ಮೇಲೆ ಆ ಮಾತು ನಿಲ್ಲುವುದಿಲ್ಲ. ಅವನಿಗೆ ಕಬ್ಬಿಣದ ಜ್ಞಾನದಲ್ಲಿ ಕೊರತೆಯಿರಲಿಲ್ಲ. ಲಿಯಾನಿನ ಒಂದು ಮನೆಯ ಆದಾಯ, ಅಭಿಮಾನ, ಭಯ ಇವುಗಳ ಜ್ಞಾನದಲ್ಲಿ ಕೊರತೆಯಿತ್ತು. ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಮನಶ್ಶಾಸ್ತ್ರ, ಭಾಷೆ ಇವುಗಳನ್ನು ಓದುವವರು ಕಲಿಯುವುದು ಆ ಜ್ಞಾನವನ್ನೇ. ನಮ್ಮಲ್ಲಿ ಹಲವರು ಮುಂದೆ ಅಧಿಕಾರಿಗಳಾಗಿ, ಉಪಾಧ್ಯಾಯರಾಗಿ, ಕಾರ್ಖಾನೆಗಳ ಕಚೇರಿಗಳಲ್ಲಿ ಗುಮಾಸ್ತರಾಗಿ ಕೆಲಸ ಮಾಡುವವರು. ಹೊಸದೊಂದು ಯಂತ್ರವನ್ನು ಜನರ ನಡುವೆ ತರುವ ಕಾಗದಕ್ಕೆ ರುಜು ಹಾಕುವ ದಿನ ನಮಗೂ ಬಂದೀತು. ಅಂದು ರುಜುವಿಗೆ ಮುನ್ನ ಆ ಯಂತ್ರದೊಡನೆ ದುಡಿಯಬೇಕಾದವರ ಮನೆಗೆ ಒಮ್ಮೆ ಹೋಗಿ, ಜಗಲಿಯ ಮೇಲೆ ಕುಳಿತು, ಅವರು ಹೇಳುವುದನ್ನು ಕೇಳಿ ಬರುವಷ್ಟು ವ್ಯವಧಾನ ನಮಗಿದ್ದರೆ, ಇಲ್ಲಿ ಕಳೆದ ವರ್ಷಗಳು ಸಾರ್ಥಕವಾದುವೆಂದು ತಿಳಿಯಬಹುದು.